ಎಡವಿದ ಕಾಲೇ ಮತ್ತೆ ಎಡವಬೇಕೆಂದಿಲ್ಲ
ದೇಹದ ಸಮತೋಲನವನ್ನು ಅಳೆಯಬಹುದು, ಕಳೆದುಕೊಂಡದ್ದನ್ನು ಬಹುಮಟ್ಟಿಗೆ ಮರಳಿ ಕಲಿಯಬಹುದು

ನಿಂತುಕೊಳ್ಳುವುದು ಒಂದು ಕೆಲಸವೇ ಅಲ್ಲ ಎಂಬುದು ನಮ್ಮೆಲ್ಲರ ಭಾವನೆ. ಬಸ್ಸಿಗಾಗಿ ಅರ್ಧ ಗಂಟೆ ಕಾದು ನಿಂತವರನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ, ‘ಏನಿಲ್ಲ, ಸುಮ್ಮನೆ ನಿಂತಿದ್ದೆ’ ಎಂಬ ಉತ್ತರವೇ ಬರುತ್ತದೆ. ಆದರೆ ಆ ಅರ್ಧ ಗಂಟೆಯಲ್ಲಿ ಅವರ ಕಣ್ಣು, ಒಳಕಿವಿ, ಪಾದ, ಬೆನ್ನುಹುರಿ ಮತ್ತು ಮೆದುಳು ಒಂದು ಕ್ಷಣವೂ ಬಿಡುವು ಪಡೆದಿರುವುದಿಲ್ಲ. ಈ ಕೆಲಸ ಸುಗಮವಾಗಿ ಸಾಗುತ್ತಿರುವಷ್ಟು ದಿನ ಅದರ ಅರಿವೇ ನಮಗೆ ಆಗುವುದಿಲ್ಲ. ಬಚ್ಚಲುಮನೆಯಲ್ಲಿ ಕಾಲು ಜಾರಿದಾಗ ಅಥವಾ ಹಾಸಿಗೆಯಲ್ಲಿ ಮಗ್ಗಲು ಬದಲಿಸಿದೊಡನೆ ಕೋಣೆಯೇ ಗಿರ್ರನೆ ತಿರುಗಿದಂತಾದಾಗ ಮಾತ್ರ ಅದು ಗಮನಕ್ಕೆ ಬರುತ್ತದೆ.

ಹಾಗೆ ಬೀಳುವುದು ಸಣ್ಣ ಸಂಗತಿಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದು. ಈ ಸಾವುಗಳಲ್ಲಿ ಶೇ 80ಕ್ಕೂ ಹೆಚ್ಚು ಸಂಭವಿಸುವುದು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ. 2011ರ ಜನಗಣತಿಯ ವೇಳೆಗೇ ಭಾರತದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಹೀಗಿದ್ದರೂ ಮನೆಯ ಹಿರಿಯರು ಬಿದ್ದರೆ ‘ವಯಸ್ಸಾಯಿತಲ್ಲ’ ಎಂದೂ, ತಲೆ ಸುತ್ತಿದರೆ ‘ಪಿತ್ತ ಹೆಚ್ಚಾಗಿದೆ’ ಎಂದೂ ಸಮಾಧಾನ ಹೇಳಿಕೊಂಡು ಸುಮ್ಮನಾಗುವುದೇ ಹೆಚ್ಚು. ವೈದ್ಯವಿಜ್ಞಾನ ಹೇಳುವುದು ಬೇರೆ. ಸಮತೋಲನವು ಹುಟ್ಟಿನಿಂದ ಬಂದ ವರವಲ್ಲ, ಮಗು ಬಿದ್ದು ಎದ್ದು ಕಲಿತ ವಿದ್ಯೆ. ಕಲಿತದ್ದು ಮರೆಯುವಂತೆ, ಮರೆತದ್ದನ್ನು ಮತ್ತೆ ಕಲಿಯಲೂ ಸಾಧ್ಯ.

ನಿಂತಲ್ಲೇ ತೂಗಾಟ

ಮನುಷ್ಯನ ದೇಹ ಭೌತಶಾಸ್ತ್ರದ ದೃಷ್ಟಿಯಿಂದ ಅನುಕೂಲಕರ ರಚನೆಯೇನೂ ಅಲ್ಲ. ನಾಲ್ಕು ಕಾಲಿನ ಹಸು ಮೇಜಿನಂತೆ ಸ್ಥಿರವಾಗಿ ನಿಲ್ಲುತ್ತದೆ. ಮನುಷ್ಯನಾದರೋ ಎರಡು ಪಾದಗಳ ಕಿರಿದಾದ ಆಸರೆಯ ಮೇಲೆ ನೆಟ್ಟ ಕಂಬದಂತೆ ನಿಂತಿದ್ದಾನೆ. ದೇಹದ ಗುರುತ್ವಕೇಂದ್ರ ಇರುವುದು ಹೊಕ್ಕುಳಿಗಿಂತ ತುಸು ಕೆಳಗೆ, ಬೆನ್ನುಮೂಳೆಯ ಬುಡದ ಮುಂಭಾಗದಲ್ಲಿ. ಅಲ್ಲಿಂದ ನೆಲಕ್ಕೆ ಇಳಿಬಿಟ್ಟ ಗೆರೆ ಪಾದಗಳು ಆವರಿಸಿದ ಜಾಗದ ಒಳಗೇ ಬಿದ್ದರೆ ನಾವು ನಿಲ್ಲುತ್ತೇವೆ, ಹೊರಗೆ ಬಿದ್ದರೆ ಬೀಳುತ್ತೇವೆ.

ಎಷ್ಟೇ ಅಲುಗಾಡದೆ ನಿಂತರೂ ದೇಹ ಹಿಂದೆ ಮುಂದೆ ಸಣ್ಣಗೆ ತೂಗುತ್ತಲೇ ಇರುತ್ತದೆ. ಪಾದ ಎತ್ತದೆ ಸುಮಾರು 8 ಡಿಗ್ರಿ ಮುಂದಕ್ಕೂ 4 ಡಿಗ್ರಿ ಹಿಂದಕ್ಕೂ ಬಾಗಬಹುದು. ಹಿಂದಕ್ಕೆ ಬೀಳುವ ಅಪಾಯವೇಕೆ ಹೆಚ್ಚು ಎಂಬುದು ಇದರಿಂದಲೇ ತಿಳಿಯುತ್ತದೆ. ಸಣ್ಣ ತೂಗಾಟವನ್ನು ಕಣಕಾಲಿನ ಸ್ನಾಯುಗಳು ಸರಿಪಡಿಸುತ್ತವೆ. ತಳ್ಳಿದ ರಭಸ ಜೋರಾಗಿದ್ದರೆ ಸೊಂಟ ಬಾಗಿ ತೂಕವನ್ನು ಹಿಂದಕ್ಕೆಳೆಯುತ್ತದೆ. ಅದೂ ಸಾಲದಾದಾಗ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದಿಡುತ್ತದೆ. ನಗರ ಸಾರಿಗೆ ಬಸ್ಸಿನ ಚಾಲಕ ಹಠಾತ್ತನೆ ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರಲ್ಲಿ ಈ ಮೂರೂ ಬಗೆಗಳನ್ನು ಕಾಣಬಹುದು.

ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವವರು ಕೈಯಲ್ಲಿ ಉದ್ದನೆಯ ಗಳು ಹಿಡಿಯುವುದೂ ಈ ಲೆಕ್ಕಾಚಾರದ ಭಾಗವೇ. ತೂಕ ಎರಡೂ ಬದಿಗೆ ದೂರ ಹರಡಿದಾಗ ದೇಹ ವಾಲುವ ವೇಗ ತಗ್ಗುತ್ತದೆ. ಸರಿಪಡಿಸಿಕೊಳ್ಳಲು ಕ್ಷಣಕಾಲ ಹೆಚ್ಚು ದೊರೆಯುತ್ತದೆ. ಜಾರುವ ನೆಲದಲ್ಲಿ ನಾವು ಅರಿವಿಲ್ಲದೆ ಎರಡೂ ಕೈ ಅಗಲಿಸುವುದೂ ಇದೇ ಕಾರಣಕ್ಕೆ.

ಮೂರು ಕಡೆಯ ವರದಿ

ದೇಹ ವಾಲುತ್ತಿದೆ ಎಂಬ ಸುದ್ದಿ ಮೆದುಳಿಗೆ ಮೂರು ಕಡೆಯಿಂದ ಬರುತ್ತದೆ. ಸುತ್ತಲಿನ ಗೋಡೆ, ಕಂಬ, ದಿಗಂತಗಳನ್ನು ನೋಡಿ ಕಣ್ಣು ವರದಿ ಮಾಡುತ್ತದೆ. ತಲೆಯ ಚಲನೆಯನ್ನು ಒಳಕಿವಿ ತಿಳಿಸುತ್ತದೆ. ಅಂಗಾಲಿನ ಮೇಲೆ ಬೀಳುವ ಒತ್ತಡವನ್ನೂ ಕೀಲುಗಳ ಮಡಿಕೆಯನ್ನೂ ಸ್ನಾಯುಗಳ ಬಿಗಿತವನ್ನೂ ಅಲ್ಲಲ್ಲಿನ ನರತುದಿಗಳು ಬೆನ್ನುಹುರಿಯ ಮೂಲಕ ತಲುಪಿಸುತ್ತವೆ. ಕಿರುಮೆದುಳು ಮತ್ತು ಮೆದುಳಿನ ಕಾಂಡ ಇವನ್ನೆಲ್ಲ ತಾಳೆ ನೋಡಿ ಯಾವ ಸ್ನಾಯು ಎಷ್ಟು ಬಿಗಿಯಬೇಕೆಂದು ನಿರ್ಧರಿಸುತ್ತವೆ.

ಮೂರೂ ವರದಿಗಳಿಗೆ ಮೆದುಳು ಸದಾ ಒಂದೇ ಬೆಲೆ ಕೊಡುವುದಿಲ್ಲ. ಬೆಳಕಿದ್ದು ನೆಲವೂ ಗಟ್ಟಿಯಾಗಿದ್ದರೆ ಆರೋಗ್ಯವಂತರು ಸುಮಾರು ಶೇ 70ರಷ್ಟು ಪಾದ ಮತ್ತು ಕೀಲುಗಳನ್ನೂ, ಶೇ 20ರಷ್ಟು ಒಳಕಿವಿಯನ್ನೂ, ಉಳಿದ ಶೇ 10ರಷ್ಟು ಕಣ್ಣನ್ನೂ ನಂಬುತ್ತಾರೆಂಬುದು ತಜ್ಞರ ಅಂದಾಜು. ಮರಳಿನ ಮೇಲೆ ಅಥವಾ ಕೆಸರುಗದ್ದೆಯಲ್ಲಿ ನಿಂತಾಗ ಪಾದದ ವರದಿ ನೆಚ್ಚುವಂತಿಲ್ಲ. ಆಗ ಒಳಕಿವಿಯೇ ಪ್ರಧಾನ. ಮಧುಮೇಹದಿಂದ ಅಂಗಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಕಣ್ಣೇ ಆಧಾರ. ಅಂಥವರು ಹಗಲು ಸಲೀಸಾಗಿ ಓಡಾಡಿ, ರಾತ್ರಿ ವಿದ್ಯುತ್ ಹೋದೊಡನೆ ಮುಗ್ಗರಿಸುತ್ತಾರೆ.

ವರದಿಗಳು ಒಂದಕ್ಕೊಂದು ಹೊಂದದಿದ್ದರೆ ಗೊಂದಲ ತಪ್ಪದು. ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ನಮ್ಮ ರೈಲೇ ಚಲಿಸಿದಂತೆ ಭಾಸವಾಗುವುದು ಕಣ್ಣಿನ ವರದಿಯಿಂದ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ಕುಳಿತು ಮೊಬೈಲ್ ನೋಡುವವರಿಗೆ ಹೊಟ್ಟೆ ತೊಳೆಸುವುದೂ ಇದರಿಂದಲೇ. ತಿರುಗುತ್ತಿದ್ದೇವೆ ಎಂದು ಒಳಕಿವಿ ಹೇಳಿದರೆ, ಎಲ್ಲವೂ ನಿಶ್ಚಲ ಎಂದು ಕಣ್ಣು ಹೇಳುತ್ತದೆ.

ಒಳಕಿವಿಯ ರಸಮಟ್ಟ

ಗಾರೆ ಕೆಲಸದವರ ಬಳಿ ಗೋಡೆಯ ಮಟ್ಟ ನೋಡಲು ರಸಮಟ್ಟವಿರುತ್ತದೆ. ಪ್ರತಿ ಕಿವಿಯೊಳಗೂ ಅಂಥದೊಂದು ಸೂಕ್ಷ್ಮ ಸಾಧನವಿದೆ. ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳು ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ ಕುಳಿತಿವೆ. ತಲೆ ತಿರುಗಿದಾಗ ನಾಳವೂ ತಿರುಗುತ್ತದೆ, ಆದರೆ ಒಳಗಿನ ದ್ರವ ತುಸು ಹಿಂದೆ ಉಳಿಯುತ್ತದೆ. ಈ ವ್ಯತ್ಯಾಸ ಅಲ್ಲಿರುವ ರೋಮಕೋಶಗಳನ್ನು ಬಾಗಿಸಿ ನರಸಂಕೇತ ಹುಟ್ಟಿಸುತ್ತದೆ. ಅಂಗಳದಲ್ಲಿ ಗರಗರ ಸುತ್ತಿ ನಿಂತ ಮಕ್ಕಳಿಗೆ ಭೂಮಿಯೇ ತಿರುಗಿದಂತೆ ಕಾಣುವುದು, ದೇಹ ನಿಂತರೂ ನಾಳದೊಳಗಿನ ದ್ರವ ಇನ್ನೂ ನಿಲ್ಲದಿರುವುದರಿಂದ.

ನಾಳಗಳ ಬುಡದಲ್ಲಿ ಎರಡು ಪುಟ್ಟ ಚೀಲಗಳಿವೆ. ಅವುಗಳಲ್ಲಿನ ಅಂಟು ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿಸೂಕ್ಷ್ಮ ಹರಳುಗಳು ಹರಡಿಕೊಂಡಿವೆ. ತಲೆ ಓರೆಯಾದರೆ ಹರಳುಗಳ ಭಾರ ಒಂದು ಬದಿಗೆ ಜಗ್ಗುತ್ತದೆ. ಲಿಫ್ಟ್ ಮೇಲೇರಿದ್ದೂ ಬಸ್ಸು ಮುಂದಕ್ಕೆ ನುಗ್ಗಿದ್ದೂ ಕಣ್ಣು ಮುಚ್ಚಿದ್ದಾಗಲೂ ತಿಳಿಯುವುದು ಹೀಗೆ.

ಒಳಕಿವಿಗೆ ಇನ್ನೊಂದು ಹೊಣೆಯೂ ಇದೆ. ತಲೆ ಅಲುಗಿದಾಗ ಕಣ್ಣುಗುಡ್ಡೆಯನ್ನು ಅಷ್ಟೇ ವೇಗದಲ್ಲಿ ವಿರುದ್ಧ ದಿಕ್ಕಿಗೆ ಹೊರಳಿಸಿ ದೃಷ್ಟಿ ಕದಲದಂತೆ ಅದು ನೋಡಿಕೊಳ್ಳುತ್ತದೆ. ಅಂಗೈಯನ್ನು ಮುಖದ ಮುಂದೆ ಹಿಡಿದು ವೇಗವಾಗಿ ಅಲ್ಲಾಡಿಸಿದರೆ ರೇಖೆಗಳು ಕಲಸಿಹೋಗುತ್ತವೆ. ಅಂಗೈ ಕದಲಿಸದೆ ತಲೆಯನ್ನು ಅಷ್ಟೇ ವೇಗವಾಗಿ ಅಲ್ಲಾಡಿಸಿದರೆ ರೇಖೆಗಳು ಸ್ಪಷ್ಟವಾಗಿಯೇ ಕಾಣುತ್ತವೆ. ಸೆಕೆಂಡಿನ ನೂರನೇ ಒಂದು ಭಾಗದಷ್ಟರಲ್ಲಿ ನಡೆಯುವ ಈ ಕ್ರಿಯೆ ದೇಹದ ಅತಿ ಚುರುಕಿನ ಪ್ರತಿಕ್ರಿಯೆಗಳಲ್ಲೊಂದು. ಇದು ಕೆಟ್ಟವರಿಗೆ ನಡೆಯುವಾಗ ರಸ್ತೆಯ ಬೋರ್ಡುಗಳು ಕುಣಿದಂತೆ ತೋರುತ್ತವೆ.

ಒಳಕಿವಿಯ ಈ ಗುಟ್ಟುಗಳನ್ನು ಬಿಡಿಸಿದವರಲ್ಲಿ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ಪ್ರಮುಖರು. ಕಿವಿ ತೊಳೆಯುವ ನೀರು ತಣ್ಣಗಿದ್ದರೂ ಬಿಸಿಯಾಗಿದ್ದರೂ ರೋಗಿಗಳಿಗೆ ತಲೆ ಸುತ್ತುತ್ತದೆ, ಆದರೆ ಕಣ್ಣುಗುಡ್ಡೆ ಅದುರುವ ದಿಕ್ಕು ಮಾತ್ರ ಬೇರೆಯಾಗುತ್ತದೆ ಎಂಬುದನ್ನು ಗಮನಿಸಿ ಅವರು ಒಳಕಿವಿಯ ಪರೀಕ್ಷೆಯೊಂದನ್ನೇ ರೂಪಿಸಿದರು. 1914ನೇ ಸಾಲಿನ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅವರಿಗೆ ಘೋಷಣೆಯಾದಾಗ ಅವರು ಮೊದಲ ಮಹಾಯುದ್ಧದ ಕೈದಿಯಾಗಿ ರಷ್ಯಾದಲ್ಲಿದ್ದರು.

ಹರಳು ಜಾರಿದಾಗ

ತಲೆಸುತ್ತಿಗೆ ಅತಿ ಸಾಮಾನ್ಯ ಕಾರಣಗಳಲ್ಲೊಂದು ಈ ಹರಳುಗಳದೇ ಕಿತಾಪತಿ. ವಯಸ್ಸಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಕೆಲವು ಹರಳುಗಳು ಕಳಚಿ ಅರ್ಧವೃತ್ತಾಕಾರದ ನಾಳಕ್ಕೆ ಜಾರುತ್ತವೆ. ಹಾಸಿಗೆಯಲ್ಲಿ ಹೊರಳಿದಾಗ, ಅಟ್ಟದ ಮೇಲಿನ ಡಬ್ಬಿಗಾಗಿ ತಲೆ ಎತ್ತಿದಾಗ, ಬಗ್ಗಿ ಎದ್ದಾಗ ಲೋಕವೇ ಸುತ್ತುತ್ತದೆ. ಸುತ್ತು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ, ಆದರೆ ಹುಟ್ಟಿಸಿದ ಭಯ ದಿನವಿಡೀ ಉಳಿಯುತ್ತದೆ. ವೈದ್ಯರು ಇದನ್ನು ‘ಬಿಪಿಪಿವಿ’ ಎಂದು ಸಂಕ್ಷಿಪ್ತವಾಗಿ ಕರೆಯುತ್ತಾರೆ.

ಇದರ ಪತ್ತೆಗೆ ಸ್ಕ್ಯಾನಿಂಗ್ ಬೇಕಿಲ್ಲ. ರೋಗಿಯ ತಲೆಯನ್ನು ಒಂದು ಬದಿಗೆ ತಿರುಗಿಸಿ ಬೇಗನೆ ಮಲಗಿಸಿ, ಕಣ್ಣುಗುಡ್ಡೆ ಅದುರುವ ರೀತಿಯನ್ನು ನೋಡಿದರೆ ಸಾಕು. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ಬ್ರಿಟಿಷ್ ವೈದ್ಯರು 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಚಿಕಿತ್ಸೆಯೂ ಅಷ್ಟೇ ಸರಳ. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಂತೆ ತಲೆಯನ್ನೂ ದೇಹವನ್ನೂ ಹಂತ ಹಂತವಾಗಿ ಹೊರಳಿಸಿ, ಜಾರಿದ ಹರಳುಗಳನ್ನು ಮೂಲಸ್ಥಾನದ ಕಡೆಗೆ ಉರುಳಿಸಲಾಗುತ್ತದೆ. ಕೆಲವೇ ನಿಮಿಷಗಳ ಕೆಲಸ. ಬಹುತೇಕ ರೋಗಿಗಳಿಗೆ ಒಂದರಿಂದ ಮೂರು ಸಲದಲ್ಲಿ ಗುಣ ಕಾಣುತ್ತದೆ. ಕುತ್ತಿಗೆಯ ತೊಂದರೆ ಇರುವವರಲ್ಲಿ ಎಚ್ಚರ ಬೇಕಾದ್ದರಿಂದ ತರಬೇತಿ ಪಡೆದವರಿಂದಲೇ ಇದನ್ನು ಮಾಡಿಸಿಕೊಳ್ಳುವುದು ಕ್ಷೇಮ.

ಅಳೆಯಲು ಕುರ್ಚಿ, ಗಡಿಯಾರ ಸಾಕು

ಸಮತೋಲನ ತಪ್ಪಿದವರು ಬಂದಾಗ ಫಿಸಿಯೊಥೆರಪಿಸ್ಟ್ ಮೊದಲು ಕೇಳುವುದು ಪ್ರಶ್ನೆಗಳನ್ನು. ಸುತ್ತಿದಂತಾಗುತ್ತದೆಯೋ, ಓಲಾಡಿದಂತೆಯೋ, ಕಣ್ಣು ಕತ್ತಲಿಡುತ್ತದೆಯೋ? ಎಷ್ಟು ಹೊತ್ತು? ಯಾವ ಭಂಗಿಯಲ್ಲಿ? ಕಳೆದ ಒಂದು ವರ್ಷದಲ್ಲಿ ಎಷ್ಟು ಬಾರಿ ಬಿದ್ದಿದ್ದೀರಿ? ಕೊನೆಯ ಪ್ರಶ್ನೆ ಮುಖ್ಯ. ಎಡವಿದ ಕಾಲೇ ಎಡವುತ್ತದೆ ಎಂಬ ನಮ್ಮ ಗಾದೆಯನ್ನು ವೈದ್ಯಕೀಯ ಅಧ್ಯಯನಗಳೂ ಸಮರ್ಥಿಸುತ್ತವೆ: ಒಮ್ಮೆ ಬಿದ್ದ ಹಿರಿಯರು ಮತ್ತೆ ಬೀಳುವ ಸಂಭವ ಸುಮಾರು ಇಮ್ಮಡಿ. ಸೇವಿಸುತ್ತಿರುವ ಔಷಧಿಗಳ ಪಟ್ಟಿ, ಮಲಗಿದ್ದಾಗ ಮತ್ತು ಎದ್ದುನಿಂತಾಗಿನ ರಕ್ತದೊತ್ತಡ, ಕನ್ನಡಕ, ಪಾದದ ಸ್ಪರ್ಶ, ಕಾಲಿನ ಬಲ ಇವನ್ನೂ ನೋಡಲಾಗುತ್ತದೆ. ನಂತರದ್ದು ಪರೀಕ್ಷೆ. ಪ್ರಮುಖವಾದವು ಇವು:

* ಕಣ್ಣು ಮುಚ್ಚಿ ನಿಲ್ಲುವುದು: ಪಾದಗಳನ್ನು ಜೋಡಿಸಿ ನಿಂತು ಕಣ್ಣು ಮುಚ್ಚಬೇಕು. 19ನೇ ಶತಮಾನದ ಜರ್ಮನ್ ವೈದ್ಯ ಮೊರಿಟ್ಸ್ ರೋಂಬರ್ಗ್ ಹೆಸರಿನ ಪರೀಕ್ಷೆ ಇದು. ಕಣ್ಣು ತೆರೆದಾಗ ಸ್ಥಿರವಾಗಿದ್ದು ಮುಚ್ಚಿದೊಡನೆ ವಾಲಿದರೆ ಪಾದದ ವರದಿ ಅಥವಾ ಒಳಕಿವಿ ದುರ್ಬಲವಾಗಿದೆ ಎಂದರ್ಥ. ಸ್ನಾನದ ವೇಳೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಓಲಾಡುವವರು ಮನೆಯಲ್ಲೇ ಈ ಪರೀಕ್ಷೆಯಲ್ಲಿ ಸೋತಂತೆ.

* ಸ್ಪಂಜಿನ ಮೇಲೆ ನಿಲ್ಲುವುದು: ದಪ್ಪ ಸ್ಪಂಜು ಪಾದದ ವರದಿಯನ್ನು ಮಂಕಾಗಿಸುತ್ತದೆ. ಕಣ್ಣನ್ನೂ ಮುಚ್ಚಿದರೆ ಉಳಿಯುವುದು ಒಳಕಿವಿ ಮಾತ್ರ. ಅಮೆರಿಕದ ಶಮ್‌ವೇ-ಕುಕ್ ಮತ್ತು ಹೊರಾಕ್ 1986ರಲ್ಲಿ ರೂಪಿಸಿದ ಈ ವಿಧಾನದಿಂದ ಮೂರು ವರದಿಗಳಲ್ಲಿ ಯಾವುದು ಕೈಕೊಟ್ಟಿದೆ ಎಂಬುದನ್ನು ಬೇರ್ಪಡಿಸಿ ನೋಡಬಹುದು.

* ಎದ್ದು ನಡೆದು ಬಂದು ಕೂರುವುದು: ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಬೇಕು. 1991ರಿಂದ ಬಳಕೆಯಲ್ಲಿರುವ ಈ ಪರೀಕ್ಷೆಗೆ ಹಿರಿಯರು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡರೆ ಬೀಳುವ ಅಪಾಯವಿದೆ ಎಂದು ಪರಿಗಣಿಸುತ್ತಾರೆ.

* ಬರ್ಗ್ ಮಾಪಕ: ಕೆನಡಾದ ಕ್ಯಾಥರೀನ್ ಬರ್ಗ್ ರೂಪಿಸಿದ್ದು. ಕುಳಿತಲ್ಲಿಂದ ಏಳುವುದು, ನೆಲದ ವಸ್ತು ಎತ್ತಿಕೊಳ್ಳುವುದು, ಹಿಂದಿರುಗಿ ನೋಡುವುದು ಮೊದಲಾದ 14 ಕೆಲಸಗಳಿಗೆ ತಲಾ 4ರಂತೆ ಒಟ್ಟು 56 ಅಂಕ. 45ಕ್ಕಿಂತ ಕಡಿಮೆ ಬಂದರೆ ಎಚ್ಚರ ಅಗತ್ಯ. ನಿಂತಲ್ಲೇ ಪೂರ್ತಿ ಒಂದು ಸುತ್ತು ತಿರುಗುವುದೂ ಇದರಲ್ಲಿದೆ. ದೇವರ ಮುಂದೆ ಆತ್ಮಪ್ರದಕ್ಷಿಣೆ ಹಾಕುವಾಗ ಹಿರಿಯರು ಗೋಡೆ ಹಿಡಿಯತೊಡಗಿದರೆ ಮನೆಯವರು ಗಮನಿಸಬೇಕಾದದ್ದು ಇದನ್ನೇ.

* ಒಂಟಿ ಕಾಲಿನ ನಿಲುವು: ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10 ಸೆಕೆಂಡು ಒಂಟಿ ಕಾಲಿನಲ್ಲಿ ನಿಲ್ಲಲಾಗದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಹೆಚ್ಚಿದ್ದುದು ಕಂಡುಬಂತು. ನಿಲ್ಲಲಾಗದಿರುವುದೇ ಸಾವಿಗೆ ಕಾರಣ ಎಂದು ಇದರರ್ಥವಲ್ಲ. ದೇಹದ ಒಟ್ಟು ಸ್ಥಿತಿಗೆ ಅದೊಂದು ಕನ್ನಡಿ.

ದೊಡ್ಡ ಆಸ್ಪತ್ರೆಗಳಲ್ಲಿ ದೇಹದ ತೂಗಾಟವನ್ನು ದಾಖಲಿಸುವ ವೇದಿಕೆ, ಕಣ್ಣಿನ ಚಲನೆಯನ್ನು ಚಿತ್ರೀಕರಿಸುವ ಕನ್ನಡಕಗಳೂ ಇವೆ. ಆದರೆ ಮೇಲಿನ ಪರೀಕ್ಷೆಗಳಿಗೆ ಕುರ್ಚಿ, ಅಳತೆಪಟ್ಟಿ, ಗಡಿಯಾರ ಮತ್ತು ಒಂದು ತುಂಡು ಸ್ಪಂಜು ಇದ್ದರೆ ಸಾಕು. ತಾಲ್ಲೂಕು ಕೇಂದ್ರದ ಸಣ್ಣ ಚಿಕಿತ್ಸಾಲಯದಲ್ಲೂ ಇವನ್ನು ನಡೆಸಲು ಅಡ್ಡಿಯಿಲ್ಲ.

ಮೆದುಳಿಗೆ ಮರುಪಾಠ

ಒಳಕಿವಿಯಲ್ಲಿ ನಾಶವಾದ ರೋಮಕೋಶಗಳನ್ನು ಮರಳಿ ಬೆಳೆಸುವ ಚಿಕಿತ್ಸೆ ಇನ್ನೂ ಕೈಗೆಟುಕಿಲ್ಲ. ಆದರೂ ರೋಗಿ ಚೇತರಿಸಿಕೊಳ್ಳುತ್ತಾನೆ. ಒಂದು ಕಿವಿಯ ವರದಿ ತಪ್ಪಾಗಿದೆ ಎಂದು ಅರಿತ ಮೆದುಳು ಲೆಕ್ಕವನ್ನು ಹೊಸದಾಗಿ ಹೊಂದಿಸಿಕೊಳ್ಳುವುದೇ ಇದಕ್ಕೆ ಕಾರಣ. ಆದರೆ ತಪ್ಪು ಎದುರಾಗದೆ ಅದು ತಿದ್ದಿಕೊಳ್ಳಲಾರದು. ತಲೆ ಸುತ್ತುತ್ತದೆಂದು ತಲೆಯನ್ನೇ ಅಲುಗಿಸದೆ ಕುಳಿತವರ ಮೆದುಳಿಗೆ ಕಲಿಯುವ ಅವಕಾಶವೇ ದೊರೆಯುವುದಿಲ್ಲ. 1940ರ ದಶಕದಲ್ಲಿ ಬ್ರಿಟನ್ನಿನ ಕಿವಿ ಶಸ್ತ್ರಚಿಕಿತ್ಸಕ ಟೆರೆನ್ಸ್ ಕಾಥೋರ್ನ್ ಮತ್ತು ಅವರ ಸಹೋದ್ಯೋಗಿ ಕುಕ್ಸಿ, ಓಡಾಡಿಕೊಂಡಿದ್ದ ರೋಗಿಗಳು ಮಲಗಿಕೊಂಡವರಿಗಿಂತ ಬೇಗ ಗುಣವಾಗುವುದನ್ನು ಕಂಡು ವ್ಯಾಯಾಮಗಳ ಸರಣಿಯೊಂದನ್ನು ರಚಿಸಿದರು. ಇಂದಿನ ತರಬೇತಿಯ ಮೂಲ ಅದೇ.

ಈಗ ಚಿಕಿತ್ಸಕರು ರೋಗಿಯ ಕೊರತೆಗೆ ತಕ್ಕಂತೆ ಪಾಠ ಹೊಂದಿಸುತ್ತಾರೆ. ದೃಷ್ಟಿ ಕುಣಿಯುವವರಿಗೆ, ಗೋಡೆಗೆ ಅಂಟಿಸಿದ ಅಕ್ಷರವೊಂದನ್ನು ನೋಡುತ್ತಲೇ ತಲೆಯನ್ನು ಎಡಬಲಕ್ಕೆ ತಿರುಗಿಸುವ ಅಭ್ಯಾಸ. ನಿರ್ದಿಷ್ಟ ಚಲನೆಯಿಂದ ತಲೆ ಸುತ್ತುವವರಿಗೆ ಅದೇ ಚಲನೆಯನ್ನು ಅಳತೆಯಲ್ಲಿ ಮತ್ತೆ ಮತ್ತೆ ಮಾಡಿಸಿ ರೂಢಿಗೊಳಿಸುವುದು. ಕಣ್ಣನ್ನೇ ಅತಿಯಾಗಿ ನೆಚ್ಚಿದವರನ್ನು ಮಂದ ಬೆಳಕಿನಲ್ಲಿ, ಸ್ಪಂಜಿನ ಮೇಲೆ ನಿಲ್ಲಿಸುವುದು. ಕಾಲು ಸೋತವರಿಗೆ ಕುರ್ಚಿಯಿಂದ ಕೈಯೂರದೆ ಏಳುವ, ಹಿಮ್ಮಡಿ ಎತ್ತುವ ವ್ಯಾಯಾಮ. ಪಾದಗಳನ್ನು ಅಗಲಿಸಿ ನಿಲ್ಲುವುದರಿಂದ ಆರಂಭಿಸಿ, ಜೋಡಿಸಿ, ಒಂದರ ಮುಂದೊಂದಿಟ್ಟು, ಕೊನೆಗೆ ಒಂಟಿ ಕಾಲಿಗೆ ಬರುವಂತೆ ಪಾಠ ಕ್ರಮೇಣ ಕಠಿಣವಾಗುತ್ತದೆ. ಅಭ್ಯಾಸದ ಆರಂಭದಲ್ಲಿ ತುಸು ತಲೆ ಸುತ್ತುವುದು ಸಹಜ. ಅದು ಪಾಠ ನಡೆಯುತ್ತಿರುವುದರ ಲಕ್ಷಣ.

ಮಾತನಾಡುತ್ತ ನಡೆಯುವುದೂ ಒಂದು ಪಾಠ. ಮಾತನಾಡಿಸಿದೊಡನೆ ನಡಿಗೆ ನಿಲ್ಲಿಸುವ ವೃದ್ಧರು ಮುಂದೆ ಬೀಳುವ ಸಾಧ್ಯತೆ ಹೆಚ್ಚು ಎಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ತೋರಿಸಿದ್ದರು. ನಡಿಗೆಗೇ ಪೂರ್ಣ ಗಮನ ಬೇಕಾಗಿದೆ ಎಂಬುದರ ಸೂಚನೆ ಅದು. ಆದ್ದರಿಂದ ನೀರು ತುಂಬಿದ ಲೋಟ ಹಿಡಿದು ನಡೆಯುವುದು, ನೂರರಿಂದ ಹಿಂದಕ್ಕೆ ಎಣಿಸುತ್ತ ನಡೆಯುವುದನ್ನು ಕಲಿಸಲಾಗುತ್ತದೆ.

ಇದರಿಂದ ಫಲವುಂಟೇ? 23 ಸಾವಿರಕ್ಕೂ ಹೆಚ್ಚು ಹಿರಿಯರನ್ನು ಒಳಗೊಂಡ 108 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಕೊಕ್ರೇನ್ ವಿಮರ್ಶೆಯ ಪ್ರಕಾರ, ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ 23ರಷ್ಟು ತಗ್ಗುತ್ತದೆ. 65 ದಾಟಿದವರು ವಾರಕ್ಕೆ ಕನಿಷ್ಠ 3 ದಿನ ಸಮತೋಲನ ಮತ್ತು ಸ್ನಾಯುಬಲಕ್ಕೆ ಒತ್ತು ಕೊಡುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಬೆಳಗಿನ ವಾಯುವಿಹಾರ ಒಳ್ಳೆಯದೇ. ಆದರೆ ಸಮತಟ್ಟಾದ ರಸ್ತೆಯ ನಡಿಗೆಯೊಂದೇ ಸಮತೋಲನಕ್ಕೆ ಸಾಲದು.

ಮಾತ್ರೆಯ ಮಿತಿ

ತಲೆ ಸುತ್ತಿದೊಡನೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು, ಅದನ್ನು ತಿಂಗಳುಗಟ್ಟಲೆ ಮುಂದುವರಿಸುವುದು ನಮ್ಮಲ್ಲಿ ಸಾಮಾನ್ಯ. ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್‌ನಂಥ ಔಷಧಿಗಳು ತೀವ್ರ ತಲೆಸುತ್ತು, ವಾಂತಿ ಇರುವ ಮೊದಲ ಕೆಲವು ದಿನಗಳಿಗೆ ಉಪಯುಕ್ತ. ಆದರೆ ಅವು ಒಳಕಿವಿಯಿಂದ ಬರುವ ಸಂಕೇತವನ್ನೇ ಅದುಮುವುದರಿಂದ ದೀರ್ಘಕಾಲ ಸೇವಿಸಿದರೆ ಮೆದುಳಿನ ಮರುಹೊಂದಾಣಿಕೆ ತಡವಾಗುತ್ತದೆ. ಹಿರಿಯರಲ್ಲಿ ಮಂಪರು, ಕೈ ನಡುಕ, ನಡಿಗೆಯ ಬಿಗಿತಗಳೂ ಕಾಣಿಸಿಕೊಂಡು ಬೀಳುವ ಅಪಾಯ ಹೆಚ್ಚಬಹುದು. ಹಾಗೆಂದು ತಾವಾಗಿಯೇ ನಿಲ್ಲಿಸುವುದು ಸಲ್ಲ. ಎಷ್ಟು ದಿನ ಬೇಕೆಂದು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ತಲೆಸುತ್ತಿನ ಜೊತೆ ಮಾತು ತೊದಲುವಿಕೆ, ಮುಖ ಸೊಟ್ಟಗಾಗುವಿಕೆ, ಕೈಕಾಲು ಶಕ್ತಿಹೀನತೆ, ಎರಡೆರಡಾಗಿ ಕಾಣುವುದು, ಹಠಾತ್ ತೀವ್ರ ತಲೆನೋವು ಅಥವಾ ನಿಲ್ಲಲೇ ಆಗದ ಸ್ಥಿತಿ ಇದ್ದರೆ ಅದು ಪಾರ್ಶ್ವವಾಯು ಇರಬಹುದು. ಆಗ ವ್ಯಾಯಾಮವಲ್ಲ, 108ಕ್ಕೆ ಕರೆ ಮಾಡಿ ತಕ್ಷಣ ಆಸ್ಪತ್ರೆ ಸೇರುವುದೇ ದಾರಿ.

ಮನೆಯಲ್ಲಿ ಮಾಡಬಹುದಾದದ್ದು

ಬಚ್ಚಲುಮನೆಯ ನೆಲ ಒಣಗಿರಲಿ, ಗೋಡೆಗೆ ಹಿಡಿಕೆ ಇರಲಿ. ಮಂಚದಿಂದ ಶೌಚಾಲಯದ ತನಕ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ. ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ ಹಚ್ಚಬಹುದು. ಸವೆದ ಹವಾಯಿ ಚಪ್ಪಲಿ, ಮಡಿಸಿಕೊಂಡ ಕಾಲೊರಸು, ನೆಲದ ಮೇಲೆ ಹರಿದಾಡುವ ವೈರು ಇವೆಲ್ಲ ಅಪಾಯಕ್ಕೆ ಆಹ್ವಾನ. ಮಲಗಿದವರು ಥಟ್ಟನೆ ಏಳದೆ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಏಳುವುದು ಒಳಿತು. ಅಡುಗೆಮನೆಯ ಕಟ್ಟೆ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದು, ಗೋಡೆಯ ಪಕ್ಕ ವೃಕ್ಷಾಸನ ಮಾಡುವುದು ಖರ್ಚಿಲ್ಲದ ಅಭ್ಯಾಸಗಳು. ಈಗಾಗಲೇ ಬಿದ್ದವರು, ಮೂಳೆ ಸವೆತ ಇರುವವರು ಫಿಸಿಯೊಥೆರಪಿಸ್ಟ್ ಸಲಹೆ ಪಡೆದು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಆರಂಭಿಸಬೇಕು.

ಒಮ್ಮೆ ಬಿದ್ದ ಹಿರಿಯರನ್ನು ಹೆಚ್ಚು ಕಾಡುವುದು ಭಯ. ಮತ್ತೆ ಬಿದ್ದೇನೆಂಬ ಅಂಜಿಕೆಯಿಂದ ಅವರು ಓಡಾಟ ಕಡಿಮೆ ಮಾಡುತ್ತಾರೆ. ಓಡಾಟ ತಗ್ಗಿದಂತೆ ಕಾಲಿನ ಬಲ ಕುಗ್ಗುತ್ತದೆ. ಬಲ ಕುಗ್ಗಿದವರು ನಿಜವಾಗಿಯೇ ಬೀಳುತ್ತಾರೆ. ಮನೆಯವರೂ ಪ್ರೀತಿಯಿಂದಲೇ ‘ನೀವು ಏಳಬೇಡಿ, ಕೂತಲ್ಲೇ ತಂದುಕೊಡುತ್ತೇವೆ’ ಎಂದು ಈ ವಿಷವರ್ತುಲವನ್ನು ಬಿಗಿಗೊಳಿಸುತ್ತಾರೆ. ಅಜ್ಜ ಅಜ್ಜಿಯರನ್ನು ಕುರ್ಚಿಗೆ ಕಟ್ಟಿಹಾಕುವುದಕ್ಕಿಂತ ಅವರ ಜೊತೆ ದಿನಕ್ಕೆ ಹತ್ತು ನಿಮಿಷ ನಿಂತು ಅಭ್ಯಾಸ ಮಾಡಿಸುವುದೇ ನಿಜವಾದ ಆಸರೆ.